ಕಂಪನಿ ಕೈಬಿಟ್ಟ ಕಾರು, ಲೇತು ಕೈಹಿಡಿದ ಕಾರು

ಕ್ವಾಲಿಸ್ ಕರ್ನಾಟಕದಲ್ಲೇ ಹುಟ್ಟಿ ಕರ್ನಾಟಕದಲ್ಲೇ ನಿಂತುಹೋದ ಗಾಡಿ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2000ದ ಆರಂಭದಲ್ಲಿ ಮಾರುಕಟ್ಟೆಗೆ ಬಿಟ್ಟ ಮೊದಲ ವಾಹನ ಇದು. 2005ರಲ್ಲಿ ಇನೊವಾ ಬಂತು. ಇನ್ನೂ ಚೆನ್ನಾಗಿ ಬಿಕರಿಯಾಗುತ್ತಿದ್ದಾಗಲೇ ಕಂಪನಿ ಕ್ವಾಲಿಸ್‌ಗೆ ಮಂಗಳ ಹಾಡಿತು. ಆಮೇಲೆ ಇಪ್ಪತ್ತು ವರ್ಷ ಕಳೆದಿದೆ. ಆದರೂ ತಿಪಟೂರಿನ ಬಿ.ಎಚ್. ರಸ್ತೆಯಲ್ಲೋ ಕಿಬ್ಬನಹಳ್ಳಿ ಕ್ರಾಸಿನಲ್ಲೋ ಸ್ವಲ್ಪ ಹೊತ್ತು ನಿಂತರೆ ಮದುವೆ ದಿಬ್ಬಣವನ್ನೋ ಧರ್ಮಸ್ಥಳದ ಯಾತ್ರಿಕರನ್ನೋ ತುಂಬಿಕೊಂಡ ಕ್ವಾಲಿಸ್ ಕಣ್ಣಿಗೆ ಬೀಳುವುದುಂಟು. ಎಂಜಿನ್ ಗಟ್ಟಿಮುಟ್ಟಾಗಿರುತ್ತದೆ. ಬಾಗಿಲಿನ ಹಿಡಿ ಮಾತ್ರ ಹಗ್ಗದ ಆಸರೆಯಲ್ಲಿರುತ್ತದೆ.

ಆ ಹಿಡಿಯ ಹುಡುಕಾಟ ಗ್ಯಾರೇಜಿನವರ ಫೋನಿನಲ್ಲಿ ಹೀಗೆ ನಡೆಯುತ್ತದೆ:

"ಅಣ್ಣ, ಕ್ವಾಲಿಸ್‌ದು ಡೋರ್ ಹ್ಯಾಂಡಲ್ ಐತಾ? ಎಡಗಡೆ, ಹಿಂದಿನ ಡೋರು."

"ಹೊಸದು ಮರೆತುಬಿಡಪ್ಪ. ಕಟಿಂಗ್‌ಗೆ ಗಾಡಿ ಬಂದ್ರೆ ಎತ್ತಿಟ್ಟಿರ್ತೀನಿ. ಬಣ್ಣ ಮಾತ್ರ ಕೇಳಬ್ಯಾಡ."

ಇದೇ ಕ್ವಾಲಿಸ್‌ಗೆ ಪಿಸ್ಟನ್ ರಿಂಗ್ ಕೇಳಿದರೆ ಮಾತು ಇಷ್ಟು ಬೆಳೆಯುವುದಿಲ್ಲ. ಇಂಡೊನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಓಡುತ್ತಿದ್ದ ಗಾಡಿಯೇ ಇಲ್ಲಿ ಕ್ವಾಲಿಸ್ ಆಗಿ ಬಂದದ್ದು. ಅದರ 2.4 ಲೀಟರ್ ಡೀಸೆಲ್ ಎಂಜಿನ್ ಟೊಯೊಟಾದ ಹೈಲಕ್ಸ್ ಪಿಕಪ್, ಹೈಏಸ್ ವ್ಯಾನುಗಳಲ್ಲಿ ಏಷ್ಯಾ, ಆಫ್ರಿಕಾಗಳನ್ನೆಲ್ಲ ಸುತ್ತಿದ ಕುಲದ್ದು. ಜಗತ್ತಿನಲ್ಲಿ ಆ ಎಂಜಿನ್ ಓಡುತ್ತಿರುವಷ್ಟು ಕಾಲ ಅದರ ರಿಂಗು, ಬೇರಿಂಗು, ಗ್ಯಾಸ್ಕೆಟ್‌ಗಳನ್ನು ಯಾರಾದರೊಬ್ಬರು ಮಾಡುತ್ತಲೇ ಇರುತ್ತಾರೆ. ಬಾಗಿಲ ಹಿಡಿಗೆ ಅಂಥ ನೆಂಟಸ್ತಿಕೆ ಇಲ್ಲ. ನಿಂತುಹೋದ ಕಾರೊಂದು ಇನ್ನೆಷ್ಟು ವರ್ಷ ಓಡೀತು ಎಂಬುದು ಅದರ ವಯಸ್ಸಿನಿಂದಲೋ ಮೂತಿಯ ಮೇಲಿನ ಲಾಂಛನದಿಂದಲೋ ತೀರ್ಮಾನವಾಗುವುದಿಲ್ಲ. ಅದರ ಅಂಗಾಂಗಗಳಿಗೆ ಬೇರೆ ಗಾಡಿಗಳಲ್ಲಿ ದಾಯಾದಿಗಳಿದ್ದಾರೆಯೇ, ಇಲ್ಲದಿದ್ದರೆ ಊರಿನ ಲೇತಿನಲ್ಲಿ ಅವನ್ನು ಕಡೆಯಲು ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳಲ್ಲಿ ಅದರ ಆಯುಷ್ಯ ಅಡಗಿದೆ.

ತೆಂಗಿನ ಸೀಮೆಯಲ್ಲಿ ಹಳೇ ಗಾಡಿಗಳು ಉಳಿದುಕೊಂಡಿರುವುದಕ್ಕೆ ಅಲ್ಲಿನ ದುಡ್ಡಿನ ಲಯವೂ ಒಂದು ಕಾರಣ. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ತಿಂಗಳೋ ಹನ್ನೊಂದು ತಿಂಗಳೋ ಒಣಗಲು ಬಿಡಬೇಕು. ಕಾದು ಮಾರಿದ ಮೇಲೂ ಸಿಗುವ ಬೆಲೆ ಯಾರ ಕೈಯಲ್ಲೂ ಇಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ ಒಂಬತ್ತು ಸಾವಿರಕ್ಕಿಂತ ಕೆಳಗಿಳಿದು, ರೈತರು 11,750 ರೂಪಾಯಿಯ ಬೆಂಬಲ ಬೆಲೆಗೆ ನಫೆಡ್ ಕೇಂದ್ರಗಳ ಮುಂದೆ ಸಾಲು ನಿಂತರು. ಎರಡೇ ವರ್ಷ, 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿ ಮೇಲೇರಿತು. ಹೀಗೆ ಏರಿಳಿಯುವ ಆದಾಯದಲ್ಲಿ ಪ್ರತಿ ತಿಂಗಳು ಕಂತು ಕಟ್ಟುವ ಹೊಸ ಕಾರಿಗಿಂತ, ಒಳ್ಳೆಯ ಧಾರಣೆಯ ವರ್ಷ ರೊಕ್ಕ ಎಣಿಸಿ ತಂದ ಗಾಡಿಯನ್ನೇ ರಿಪೇರಿ ಮಾಡಿಸಿಕೊಂಡು ಓಡಿಸುವುದು ಜಾಣತನ. ಅಪ್ಪ ತಂದ ಅಂಬಾಸಿಡರ್ ಕೊಬ್ಬರಿ ಶೆಡ್ಡಿನ ಪಕ್ಕ ನಿಂತಿದ್ದರೆ ಅದಕ್ಕೆ ಮನೆತನದ ಮರ್ಯಾದೆಯೂ ಅಂಟಿಕೊಂಡಿರುತ್ತದೆ, ಆ ಮಾತು ಬೇರೆ.

ಹಾಗೆ ನಿಂತ ಗಾಡಿಗೆ ಆ ಶೆಡ್ಡೇ ಶತ್ರುವಾಗುವುದೂ ಇದೆ. ಕೊಬ್ಬರಿ ಇದ್ದಲ್ಲಿ ಇಲಿ, ಅಳಿಲು ತಪ್ಪಿದ್ದಲ್ಲ. ತಿಂಗಳುಗಟ್ಟಲೆ ಕದಲದ ಕಾರಿನ ಬಾನೆಟ್ ಎತ್ತಿದರೆ ವೈರಿಂಗ್ ಕತ್ತರಿಸಿ ಚೂರಾಗಿರುತ್ತದೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ತೆಂಗಿನ ನಾರಿನ ಗೂಡು ಇರುತ್ತದೆ. ಹಳೇ ಅಂಬಾಸಿಡರ್ ಆದರೆ ಎಲೆಕ್ಟ್ರಿಷಿಯನ್ ಅಂಗಡಿಯಿಂದ ವೈರ್ ತಂದು ಒಂದೆರಡು ದಿನದಲ್ಲಿ ಹೊಸದಾಗಿ ಎಳೆದುಕೊಡುತ್ತಾನೆ. ಸೆನ್ಸರುಗಳಿರುವ ಕಾರಾದರೆ ಇಡೀ ವೈರಿಂಗ್ ಸೆಟ್ಟನ್ನೇ ಹುಡುಕಬೇಕು.

ಅಂಬಾಸಿಡರ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸತೊಡಗಿತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಂತಿತು. 2017ರಲ್ಲಿ ಹೆಸರನ್ನು ಮಾತ್ರ ಫ್ರಾನ್ಸಿನ ಪೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಇಷ್ಟು ದೀರ್ಘ ಕಾಲ ಮೈಕಟ್ಟು ಹೆಚ್ಚು ಬದಲಾಗದೆ ಬಂದದ್ದೇ ಅದಕ್ಕೆ ವರವಾಯಿತು. ಮುಂಚಿನ ಗಾಡಿಯ ಬಾಗಿಲನ್ನು ಮುಂದಿನದಕ್ಕೆ ತುಸು ತಟ್ಟಿ ಬಡಿದು ಕೂರಿಸಬಹುದು. ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷರ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇದ್ದ ಕುಲದ್ದಾದ್ದರಿಂದ ಇಂಗ್ಲೆಂಡಿನ ಬಿಡಿಭಾಗದ ಅಂಗಡಿಗಳಲ್ಲಿ ಇವತ್ತಿಗೂ ಅದರ ಸಾಮಾನು ಸಿಗುತ್ತದೆ. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಅಂಬಾಸಿಡರ್‌ಗೆ ಹಿಂದೂಸ್ತಾನ್ ಮೋಟರ್ಸ್‌ನದೇ ಆದ ಕಾಂಟೆಸ್ಸಾ ಸೋದರ. ಕಾಂಟೆಸ್ಸಾ 2002ರ ಹೊತ್ತಿಗೆ ನಿಂತಿತು. ಹೀಗಾಗಿ ಗುಜರಿಗೆ ಬಂದ ಕಾಂಟೆಸ್ಸಾವನ್ನು ಅಂಬಾಸಿಡರ್‌ನವರು, ಅಂಬಾಸಿಡರನ್ನು ಕಾಂಟೆಸ್ಸಾದವರು ಕಾದು ಕೂರುತ್ತಾರೆ.

ಫಿಯೆಟ್ ಎಂದೇ ಹಳಬರು ಕರೆಯುವ ಪ್ರೀಮಿಯರ್ ಪದ್ಮಿನಿಗೆ ಇಷ್ಟು ಅದೃಷ್ಟವಿಲ್ಲ. ಮುಂಬೈ ಕುರ್ಲಾದ ಕಾರ್ಖಾನೆ 2000ದ ಹೊತ್ತಿಗೆ ಸ್ತಬ್ಧವಾಯಿತು. ಆದರೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಗಿರಾಕಿ ಇತ್ತು, ಗಿರಾಕಿ ಇದ್ದುದರಿಂದ ಮಾಡುವವರೂ ಇದ್ದರು. ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್ ಅಂತ್ಯದಲ್ಲಿ ರಸ್ತೆಯಿಂದ ಇಳಿಯಿತು. ಅಲ್ಲಿನ ಟ್ಯಾಕ್ಸಿ ನಿಯಮ ಇಲ್ಲಿ ತುರುವೇಕೆರೆಯ ಮನೆಯೊಂದರ ಕಾರಿನ ವಾಟರ್ ಪಂಪಿನ ಬೆಲೆಯನ್ನು ಏರಿಸಬಲ್ಲದು. ಬಿಡಿಭಾಗದ ವ್ಯಾಪಾರ ನಿಂತಿರುವುದೇ ಇಂಥ ದೂರದ ಕೊಂಡಿಗಳ ಮೇಲೆ.

ಮಾರುತಿ 800ರ ಮಾತೇ ಬೇರೆ. 1983ರ ಡಿಸೆಂಬರಿನಲ್ಲಿ ಹುಟ್ಟಿ 2014ರ ಜನವರಿಯಲ್ಲಿ ನಿಂತ ಈ ಪುಟ್ಟ ಕಾರಿನ 796 ಸಿಸಿ ಎಂಜಿನ್ನೇ ಓಮ್ನಿಯಲ್ಲೂ ಇತ್ತು. ಓಮ್ನಿ 2019ರವರೆಗೆ ತಯಾರಾಯಿತು. ಹುಳಿಯಾರಿನಿಂದ ಮಾಯಸಂದ್ರದವರೆಗೆ ಶಾಲೆ ಮಕ್ಕಳನ್ನು, ತರಕಾರಿಯನ್ನು, ಕಾಯಿ ಚೀಲವನ್ನು ಹೊತ್ತ ಓಮ್ನಿಗಳ ಪುಣ್ಯದಿಂದ ಎಂಟುನೂರಿನ ಕ್ಲಚ್ ಪ್ಲೇಟು, ಕಾರ್ಬ್ಯುರೇಟರ್ ಕಿಟ್ಟು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ದೊರೆಯುತ್ತವೆ. ಟಾಟಾ ಇಂಡಿಕಾ 2018ರಲ್ಲಿ ನಿಂತರೂ ಅದರ ಎಂಜಿನ್ನಿನ ವಂಶ ತೋಟದ ದಾರಿಯಲ್ಲೇ ಓಡಾಡಿಕೊಂಡಿದೆ: ಇಂಡಿಕಾದ ನಾಲ್ಕು ಸಿಲಿಂಡರಿನ 1,405 ಸಿಸಿ ಡೀಸೆಲ್ ಎಂಜಿನ್ನನ್ನು ಅರ್ಧಕ್ಕೆ ಕಡಿದಂತೆ ಮಾಡಿದ್ದೇ ಟಾಟಾ ಏಸ್‌ನ ಎರಡು ಸಿಲಿಂಡರಿನ 702 ಸಿಸಿ ಎಂಜಿನ್. ಹಳೇ ಮಹೀಂದ್ರ ಡೀಸೆಲ್ ಜೀಪುಗಳಲ್ಲಿ ಕೆಲವಕ್ಕಂತೂ ಟ್ರ್ಯಾಕ್ಟರೇ ಹತ್ತಿರದ ಬಂಧು, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕುಲದ ಎಂಜಿನ್ ಎರಡರಲ್ಲೂ ಇತ್ತು. ಕಾರಿನ ಅಂಗಡಿಯಲ್ಲಿ ಇಲ್ಲ ಎಂದದ್ದು ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಕ್ಕರೆ ಅನುಭವಿ ಮೆಕ್ಯಾನಿಕ್‌ಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಅನುಭವಿಗಳ ಇನ್ನೊಂದು ಗುಟ್ಟು, ಗಾಡಿಯ ಹೆಸರನ್ನೇ ಮರೆತುಬಿಡುವುದು. "ಅಂಬಾಸಿಡರ್ ಡೈನಮೋ ಬೇರಿಂಗ್ ಕೊಡಿ" ಎಂದರೆ ಅಂಗಡಿಯವರು ತಲೆ ಅಲ್ಲಾಡಿಸಿಯಾರು. ಅದನ್ನೇ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊರಗಿನ ಉಂಗುರದ ಅಂಚಿನಲ್ಲಿ ಕೆತ್ತಿರುವ ನಂಬರನ್ನು ಬೆಳಕಿಗೆ ಹಿಡಿದು ಓದಿದರೆ ಬಾಗಿಲು ತೆರೆಯುತ್ತದೆ. 6203 ಎಂದು ಕೆತ್ತಿದ್ದರೆ ಒಳವ್ಯಾಸ 17 ಮಿಲಿಮೀಟರ್, ಹೊರವ್ಯಾಸ 40, ದಪ್ಪ 12. ಜಪಾನಿನದಾಗಲಿ, ಜರ್ಮನಿಯದಾಗಲಿ, ನಮ್ಮದೇ ಆಗಲಿ, ಅಳತೆ ಒಂದೇ. ಕೊನೆಯ ಎರಡು ಅಂಕಿ 04ರಿಂದ ಮೇಲಿದ್ದರೆ ಐದರಿಂದ ಗುಣಿಸಿದರೆ ಸಾಕು, ಒಳವ್ಯಾಸ ಬಂದುಬಿಡುತ್ತದೆ: 6305 ಅಂದರೆ 25 ಮಿಲಿಮೀಟರ್. ಇದೇ ಬೇರಿಂಗುಗಳು ನೀರೆತ್ತುವ ಮೋಟಾರಿನಲ್ಲೂ ಇರುವುದರಿಂದ ಕಾರಿನ ಬಿಡಿಭಾಗದ ಅಂಗಡಿ ಮುಚ್ಚಿದ್ದ ಭಾನುವಾರವೂ ಪಂಪ್‌ಸೆಟ್ ಅಂಗಡಿಯಲ್ಲಿ ಸಿಕ್ಕೀತು. ಆಯಿಲ್ ಸೀಲಿಗೂ ಹೀಗೇ ಮೂರು ಅಳತೆ, ಒಳಗೆ, ಹೊರಗೆ, ದಪ್ಪ. ಫ್ಯಾನ್ ಬೆಲ್ಟಿಗೆ ಬೆನ್ನ ಮೇಲೆ ಅಚ್ಚಾದ ನಂಬರು. ಅಂಬಾಸಿಡರ್‌ನ ಏಳು ಇಂಚಿನ ದುಂಡು ಹೆಡ್‌ಲೈಟಿಗಂತೂ ಜೀಪು, ಬುಲೆಟ್ಟುಗಳು ಬಳಗ.

ನಂಬರೂ ಇಲ್ಲ, ನೆಂಟರೂ ಇಲ್ಲ ಎನ್ನುವಾಗ ಉಳಿಯುವುದು ಲೇತು. ಈ ವಿಷಯದಲ್ಲಿ ಕಲ್ಪತರು ನಾಡಿಗೆ ತನ್ನದೇ ಆದ ಅನುಕೂಲವಿದೆ. ಬೋರ್‌ವೆಲ್ಲಿನ ಮೋಟಾರು ಪಂಪು, ಕಾಯಿ ಸುಲಿಯುವ ಯಂತ್ರ, ನಾರು ತೆಗೆಯುವ ಯಂತ್ರ, ಕೊಬ್ಬರಿ ಪುಡಿ ಕಾರ್ಖಾನೆಯ ಶಾಫ್ಟು, ಟ್ರ್ಯಾಕ್ಟರಿನ ರೋಟವೇಟರು ಇವೆಲ್ಲ ಸವೆಯುವುದು ನಿಲ್ಲುವುದಿಲ್ಲವಾದ್ದರಿಂದ ಲೇತು, ವೆಲ್ಡಿಂಗ್ ಅಂಗಡಿಗಳಿಗೆ ಕೆಲಸ ತಪ್ಪುವುದಿಲ್ಲ. ಹಳೇ ಕಾರು ಆ ಸಾಲಿನಲ್ಲಿ ಇನ್ನೊಬ್ಬ ಗಿರಾಕಿ, ಅಷ್ಟೆ.

ಸೆಲ್ಫ್ ಮೋಟಾರಿನ ಬುಷ್ ಒಂದನ್ನು ನೋಡಿ. ಹೆಬ್ಬೆರಳಿನ ಉಗುರಿನಷ್ಟು ಉದ್ದದ, ತೂತಿರುವ ಹಳದಿ ಲೋಹದ ತುಂಡು. ಇದರೊಳಗೆ ಆರ್ಮೇಚರಿನ ದಂಡ ತಿರುಗುತ್ತದೆ. ವರ್ಷಗಳು ಕಳೆದಂತೆ ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ಸವೆದು, ಆರ್ಮೇಚರ್ ಒಂದು ಮಗ್ಗುಲಿಗೆ ವಾಲಿ ಫೀಲ್ಡ್ ಕಾಯಿಲಿನ ಕಬ್ಬಿಣಕ್ಕೆ ಉಜ್ಜತೊಡಗುತ್ತದೆ. ಬ್ಯಾಟರಿಯ ಕರೆಂಟೆಲ್ಲ ಅಲ್ಲೇ ಇಂಗುತ್ತದೆ. ಯಜಮಾನರು ಬ್ಯಾಟರಿ ಹೋಯಿತೆಂದು ಹೊಸ ಬ್ಯಾಟರಿ ತಂದು ಹಾಕುತ್ತಾರೆ. ಮೂರು ದಿನ ಚೆನ್ನಾಗಿದ್ದು ಮತ್ತೆ ಅದೇ ರಾಗ. ಲೇತಿನವನು ಮೊದಲು ದಂಡವನ್ನು ಮೈಕ್ರೊಮೀಟರಿನಲ್ಲಿ, ಗೂಡನ್ನು ವರ್ನಿಯರಿನಲ್ಲಿ ಅಳೆದು ಚೀಟಿಯ ಮೇಲೆ ಬರೆದುಕೊಳ್ಳುತ್ತಾನೆ. ಪಂಪಿನ ಬುಷ್‌ಗೆಂದು ತಂದಿಟ್ಟ ಗನ್‌ಮೆಟಲ್ ಸರಳಿನ ತುಂಡನ್ನು ಚಕ್ಕಿಗೆ ಕಚ್ಚಿಸಿ, ಹೊರಮೈಯನ್ನು ಗೂಡಿಗಿಂತ ಒಂದು ಎಳೆ ದಪ್ಪ ಉಳಿಸಿ ಕಡೆಯುತ್ತಾನೆ. ಆ ಎಳೆ ಎಂದರೆ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು. ಅಷ್ಟು ಬಿಗಿ ಇಲ್ಲದಿದ್ದರೆ ಬುಷ್ ಗೂಡಿನೊಳಗೇ ತಿರುಗುತ್ತದೆ. ಆಮೇಲೆ ಬೋರಿಂಗ್ ಟೂಲಿನಿಂದ ತೂತು, ಪಾರ್ಟಿಂಗ್ ಟೂಲಿನಿಂದ ತುಂಡು. ವೈಸಿನ ಎರಡು ದವಡೆಗಳ ನಡುವೆ ಇಟ್ಟು ನಿಧಾನಕ್ಕೆ ಒತ್ತಿ ಕೂರಿಸಿ, ರೀಮರ್ ಆಡಿಸಿ, ಎಣ್ಣೆ ಹಾಕಿ ದಂಡ ತೂರಿಸಿ ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ಚಹಾ ತರಿಸಿ ಕುಡಿದು ಮುಗಿಸುವುದರೊಳಗೆ ಕೆಲಸ ಆಗಿರುತ್ತದೆ.

ಎಂಜಿನ್ನಿನ ಹೊಟ್ಟೆಯೊಳಗೂ ಇದೇ ತರ್ಕ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಹಳೇ ಬ್ರಿಟಿಷ್ ಎಂಜಿನ್ನುಗಳಲ್ಲಿ ಇಪ್ಪತ್ತು, ನಲವತ್ತು, ಅರವತ್ತು ಥೌ ಎಂದು ಹಂತ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು. ಅರವತ್ತೂ ಮುಗಿದರೆ ಲೈನರ್ ಬಡಿದು ಮತ್ತೆ ಮೊದಲಿನ ಅಳತೆಗೆ ಬರುವುದು. ವಾಟರ್ ಪಂಪಿನ ಪ್ಯಾಕಿಂಗನ್ನು ಹಾಳೆ ತಂದು, ಪಂಪಿನ ಮೈಮೇಲೆ ಹಾಸಿ, ಗುಂಡು ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ ಕತ್ತರಿಸಿಕೊಳ್ಳುತ್ತಾರೆ. ತಾಮ್ರ-ಹಿತ್ತಾಳೆಯ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಬಹುದು. ಈಗಿನ ಕಾರುಗಳ ಪ್ಲಾಸ್ಟಿಕ್ ತೊಟ್ಟಿಯ ಅಲ್ಯುಮಿನಿಯಂ ರೇಡಿಯೇಟರಿಗೆ ಆ ಚಿಕಿತ್ಸೆ ನಡೆಯದು.

ಊರಲ್ಲಿ ಆಗದ್ದಕ್ಕೆ ಬೆಂಗಳೂರು. ಕಳಚಿದ ಭಾಗವನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ತಿಪಟೂರಿನಲ್ಲಿ ರೈಲು ಹತ್ತಿದರೆ ಮೆಜೆಸ್ಟಿಕ್. ಅಲ್ಲಿಂದ ಟೌನ್‌ಹಾಲ್ ದಾಟಿದರೆ ಜೆ.ಸಿ. ರಸ್ತೆ. ನಾಟಕ ನೋಡುವವರಿಗೆ ಅದು ರವೀಂದ್ರ ಕಲಾಕ್ಷೇತ್ರದ ರಸ್ತೆ, ಗಾಡಿಯವರಿಗೆ ಬಿಡಿಭಾಗದ ರಸ್ತೆ. ಇಲ್ಲಿನ ಕೌಂಟರಿನಲ್ಲಿ ಬಾಯಿಮಾತಿನ ವರ್ಣನೆಗೆ ಬೆಲೆಯಿಲ್ಲ. "ಸ್ಯಾಂಪಲ್ ತಂದಿದ್ದೀರಾ?" ಎನ್ನುವುದೇ ಮೊದಲ ಪ್ರಶ್ನೆ. ಹಳೆಯದನ್ನು ಮೇಜಿನ ಮೇಲಿಟ್ಟರೆ ಅಂಗಡಿಯವರು ತಿರುಗಿಸಿ ನೋಡಿ, ಒಳಗಿನ ಅಟ್ಟದಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ಇಳಿಸಿಯಾರು. ಇಲ್ಲವೇ ಎದುರುಸಾಲಿನ ಮೂರನೇ ಅಂಗಡಿಗೆ ಕೈ ತೋರಿಸಿಯಾರು. ಹಾಗೆ ಕೈ ತೋರಿಸುವುದು ಅಲ್ಲಿನ ವ್ಯಾಪಾರದ ದೊಡ್ಡ ಸೌಜನ್ಯ.

ಹೊಸದು ಸಿಗದಿದ್ದರೆ ಶಿವಾಜಿನಗರ. ಬಿಚ್ಚಿ ಮಾರಲೆಂದು ತಂದ ಕಟಿಂಗ್ ಗಾಡಿಗಳ ಬಾಗಿಲು, ಗಾಜು, ಸ್ಟೀರಿಂಗ್, ಮೀಟರ್ ಬೋರ್ಡುಗಳು ರಾಶಿ ಬಿದ್ದಿರುವ ಗಲ್ಲಿಗಳಲ್ಲಿ ಕಣ್ಣು ಚುರುಕಾಗಿರಬೇಕು, ಬಾಯಿ ಅದಕ್ಕಿಂತ ಚುರುಕಾಗಿರಬೇಕು. ಅಲ್ಲೂ ಇಲ್ಲ ಎಂದರೆ ಚೆನ್ನೈಯ ಪುದುಪೇಟೆ, ಇನ್ನೂ ದೂರಕ್ಕೆ ದೆಹಲಿಯ ಕಾಶ್ಮೀರಿ ಗೇಟ್, ಮಾಯಾಪುರಿ. ಈಗ ಭಾಗದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹೋಗಿ ಸಾಮಾನು ಬಸ್ಸಿನಲ್ಲೋ ಲಾರಿ ಟ್ರಾನ್ಸ್‌ಪೋರ್ಟಿನಲ್ಲೋ ಬರುತ್ತದೆ. ಫೋಟೊ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆಯದವರು ಎರಡು ಸಲ ಸಾಗಣೆ ತೆರುತ್ತಾರೆ.

ಈ ಹುಡುಕಾಟದಲ್ಲಿ ಬೆಂಗಳೂರಿನದೇ ಎರಡು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಮೈಕೋ. 1951ರಲ್ಲಿ ಆರಂಭವಾಗಿ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ. ಡೀಸೆಲ್ ಪಂಪಿಗೆ ಇವತ್ತಿಗೂ ಹಳ್ಳಿಯಲ್ಲಿ ಮೈಕೋ ಪಂಪ್ ಎಂದೇ ಹೆಸರು. ಇನ್ನೊಂದು ಯಲಹಂಕದಲ್ಲಿ ತಯಾರಾಗುತ್ತಿದ್ದ ಗೋಟ್ಜೆ ಪಿಸ್ಟನ್ ರಿಂಗ್. ಕಾರು ಮಾಡುವ ಕಂಪನಿ ಸಾಯಬಹುದು, ಅದಕ್ಕೆ ಅಂಗ ಮಾಡಿಕೊಡುತ್ತಿದ್ದ ಕಂಪನಿ ಸಾಯಬೇಕೆಂದಿಲ್ಲ. ಪೆಟ್ಟಿಗೆಯ ಮೇಲೆ ಕಾರಿನ ಕಂಪನಿಯ ಮುದ್ರೆ ಇಲ್ಲದಿದ್ದರೂ ಒಳಗಿನ ಮಾಲು ಅದೇ ಅಚ್ಚಿನದಿರಬಹುದು. ಅದನ್ನು ಗುರುತಿಸುವುದು ಅನುಭವಕ್ಕೆ ಬಿಟ್ಟದ್ದು, ಏಕೆಂದರೆ ಅಂಥದೇ ಪೆಟ್ಟಿಗೆಯಲ್ಲಿ ಡೂಪ್ಲಿಕೇಟೂ ಬರುತ್ತದೆ.

ಡೂಪ್ಲಿಕೇಟಿನ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಬಾಗಿಲ ಬೀಡಿಂಗು, ವೈಪರು, ಕನ್ನಡಿ ಯಾವುದಾದರೂ ನಡೆದೀತು. ಬ್ರೇಕಿನ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ಪು, ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಇವುಗಳಲ್ಲಿ ಗುಜರಿಯದೂ ಬೇಡ, ಹೆಸರಿಲ್ಲದ ಪೆಟ್ಟಿಗೆಯದೂ ಬೇಡ. ಗುಣಮಟ್ಟ ಕೆಟ್ಟ ಕಪ್ಪು ಬ್ರೇಕ್ ಆಯಿಲಿನಲ್ಲಿ ಉಬ್ಬಿ ಸಿಕ್ಕಿಕೊಂಡರೆ ಚಕ್ರ ಕಚ್ಚುತ್ತದೆ. ಸೋರಿದರೆ ಪೆಡಲ್ ತಳ ಮುಟ್ಟುತ್ತದೆ. "ಎಲ್ಲಾ ಒಂದೇ ಬನ್ನಿ ಸಾರ್" ಎನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತರುವುದೇ ಮೇಲು.

ರಬ್ಬರಿನ ಮಾತಿಗೆ ಈಗ ಹೊಸ ತಲೆನೋವೂ ಸೇರಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2025ರಲ್ಲಿ ದೇಶದ ತುಂಬ ಬಂಕುಗಳಿಗೆ ಬಂತು. ಕೆಲವು ಹಳೇ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾದೀತು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ; ಅದು ಕಡಿಮೆ ಖರ್ಚಿನ ಕೆಲಸ ಎಂದೂ ಸೇರಿಸಿದೆ. ಹೊಸ ಪೆಟ್ರೋಲ್ ಪೈಪಿಗೆ ಖರ್ಚು ಕಡಿಮೆ, ನಿಜ. ನಿಂತುಹೋದ ಕಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ಮಿಗೆ ಖರ್ಚಿಗಿಂತ ಮೊದಲು ಅದು ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ.

ವಿಚಿತ್ರವೆಂದರೆ ನಿಜಕ್ಕೂ ಅನಾಥವಾಗಿರುವುದು ಅಜ್ಜನ ಕಾಲದ ಕಾರಲ್ಲ, ಮೊನ್ನೆ ಮೊನ್ನೆಯ ಕಾರು. ದೇವು ಕಂಪನಿಯ ಸಿಯೆಲೊ, ಮಾಟಿಜ್ ಈ ಶತಮಾನದ ಆರಂಭದಲ್ಲೇ ದಿಕ್ಕಿಲ್ಲದಾದವು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವ್ರೊಲೆ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಎರಡೂ ಕಂಪನಿಗಳು ಸರ್ವೀಸು, ಬಿಡಿಭಾಗ ಮುಂದುವರಿಯುತ್ತದೆ ಎಂದು ಮಾತು ಕೊಟ್ಟವು. ಆದರೆ ತಾಲ್ಲೂಕು ಊರಿನ ಮಾಲೀಕರ ಪಾಲಿಗೆ ಸರ್ವೀಸ್ ಸೆಂಟರ್ ಎಂದರೆ ಒಂದು ದಿನದ ದಾರಿ.

ಇಲ್ಲೂ ನೆಂಟಸ್ತಿಕೆಯ ಲೆಕ್ಕವೇ ನಡೆಯುತ್ತದೆ. ಫಿಯೆಟ್ ಪುಂಟೊ ಕೊಂಡವರು ಅಷ್ಟು ಹೆದರಬೇಕಿಲ್ಲ, ಅದರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್, ಡಿಜೈರ್, ಟಾಟಾ ಇಂಡಿಕಾ ವಿಸ್ತಾಗಳಲ್ಲೂ ಓಡಿದ್ದರಿಂದ ಅದನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಪ್ರತಿ ಊರಿನಲ್ಲಿವೆ. ಷೆವ್ರೊಲೆ ತವೇರಾಕ್ಕೆ ಇಸುಜು ಎಂಜಿನ್ನಿನ ಆಸರೆ ಇದೆ. ಷೆವ್ರೊಲೆ ಬೀಟ್ ಡೀಸೆಲ್‌ನ ಮೂರು ಸಿಲಿಂಡರಿನ 936 ಸಿಸಿ ಎಂಜಿನ್ನಿಗೆ ನಮ್ಮ ರಸ್ತೆಗಳಲ್ಲಿ ಅಂಥ ಬಳಗ ಬೆಳೆಯಲಿಲ್ಲ. ಇನ್ನು ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ಸೆನ್ಸರು, ಅಚ್ಚಿನಲ್ಲಿ ಎರಕ ಹೊಯ್ದ ಹೆಡ್‌ಲೈಟ್ ಇವುಗಳ ಮುಂದೆ ಲೇತಿನವನ ಚಕ್ಕು, ಟೂಲುಗಳೆಲ್ಲ ನಿರುಪಯೋಗಿ. ಐವತ್ತು ವರ್ಷದ ಅಂಬಾಸಿಡರ್‌ನಲ್ಲಿ ಪ್ಲಗ್ಗು ಕಿಡಿ ಹಾರಿಸದಿದ್ದರೆ ಸಿ.ಬಿ. ಪಾಯಿಂಟನ್ನು ಎಮೆರಿ ಕಾಗದದಲ್ಲಿ ಉಜ್ಜಿ ಮನೆ ತಲುಪಬಹುದು. ಹದಿನೈದು ವರ್ಷದ ಕಾರಿನಲ್ಲಿ ಒಂದು ಸೆನ್ಸರ್ ಮುನಿಸಿಕೊಂಡರೆ ಟೋ ಮಾಡುವ ಗಾಡಿಗೆ ಫೋನ್ ಮಾಡಬೇಕು.

ಬಿಡಿಭಾಗವನ್ನು ಕಂಪನಿಗಳು ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳುವುದೂ ಈ ಸಂಕಟದ ಒಂದು ಬೇರು. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ಪರೀಕ್ಷಾ ಉಪಕರಣ, ತಾಂತ್ರಿಕ ಮಾಹಿತಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಚೌಕಟ್ಟಿಗೆ ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಉಪಕರಣಗಳ ಜೊತೆ ವಾಹನಗಳನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಉತ್ಪಾದನೆ ನಿಲ್ಲಿಸಿದ ಕಂಪನಿ ಕೊನೇಪಕ್ಷ ಬಿಡಿಭಾಗದ ನಕ್ಷೆ, ಅಳತೆಗಳನ್ನಾದರೂ ಬಹಿರಂಗಪಡಿಸಬೇಕು ಎಂಬ ಕಟ್ಟುಪಾಡು ಬಂದರೆ ಊರಿನ ಲೇತುಗಳಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಬೇಕಿಲ್ಲ.

ಹೊರದೇಶಗಳಲ್ಲಿ ಇದನ್ನು ಉದ್ಯಮವಾಗಿಯೇ ಕಟ್ಟಿದವರಿದ್ದಾರೆ. 1970ರ ದಶಕದ ಆರಂಭಕ್ಕೇ ನಿಂತ ಮೋರಿಸ್ ಮೈನರಿಗೆ ಬ್ರಿಟನ್ನಿನಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಭಾಗವೂ ಹೊಸದಾಗಿ ಸಿಗುತ್ತದೆ. ಪೋರ್ಷೆ ಕಂಪನಿ ಹಳೇ ಕಾರುಗಳ ಅಪರೂಪದ ಭಾಗಗಳನ್ನು ತ್ರೀಡಿ ಮುದ್ರಣದಲ್ಲಿ ತಯಾರಿಸಿ ಕೊಡುತ್ತಿದೆ. ಅಮೆರಿಕದ ನಿರ್ಬಂಧಕ್ಕೆ ಸಿಕ್ಕ ಕ್ಯೂಬಾದಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಸೋವಿಯತ್ ಎಂಜಿನ್ ಹೊತ್ತು ಓಡಿದವು. ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನನ್ನು ಪೆಟ್ರೋಲ್ ಜೀಪಿಗೂ ಅಂಬಾಸಿಡರಿಗೂ ಕೂರಿಸಿದ ನಮ್ಮವರಿಗೆ ಕ್ಯೂಬಾದವರ ಕಥೆ ಕೇಳಿ ಅಚ್ಚರಿಯಾಗಲಾರದು. ಕರ್ನಾಟಕದಲ್ಲೇ ನೋಡಬೇಕೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿ ಬೈಕುಗಳು ಅಭಿಮಾನಿಗಳ ಹಟದಿಂದಲೇ ಓಡಿಕೊಂಡು ಬಂದವು.

ಹಟಕ್ಕೆ ಸರ್ಕಾರ ಈಗ ಬೆಲೆ ಕಟ್ಟಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ನವೀಕರಣ ಐದು ವರ್ಷಕ್ಕೊಮ್ಮೆಯಾದ್ದರಿಂದ ವರ್ಷಕ್ಕೆ ಎರಡು ಸಾವಿರ ಬಿದ್ದಂತಾಯಿತು. ಅದಕ್ಕಿಂತ ಕಷ್ಟದ್ದು ತಿಪಟೂರು ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿದಾಗ ದೀಪ, ಬ್ರೇಕು, ಇಂಡಿಕೇಟರ್, ಹೊಗೆ ಎಲ್ಲವೂ ಸರಿಯಿರಬೇಕಾದದ್ದು. ಒಡೆದ ಇಂಡಿಕೇಟರ್ ಗಾಜೊಂದು ಸಿಗದೆ ಇಡೀ ಕಾರು ಶೆಡ್ಡಿನಲ್ಲೇ ಉಳಿಯುವುದು ಇಂಥ ಹೊತ್ತಿನಲ್ಲೇ. ಐವತ್ತು ವರ್ಷ ಮೀರಿದ ಕಾರಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. ಅದಕ್ಕೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ದಿನಾ ಮಂಡಿಗೆ ಓಡಿಸುವಂತಿಲ್ಲ.

ಹಳೇ ಕಾರು ಕೊಳ್ಳುವ ಯೋಚನೆ ಇರುವವರು ಬಣ್ಣ, ಸೀಟು, ಟೇಪ್‌ರೆಕಾರ್ಡರ್ ನೋಡುವ ಮೊದಲು ಊರಿನ ಮೆಕ್ಯಾನಿಕ್ ಬಳಿ ಎರಡು ಮಾತು ಕೇಳಲಿ: ಈ ಎಂಜಿನ್ ಬೇರೆ ಯಾವ ಗಾಡಿಯಲ್ಲಿದೆ, ಇದರಲ್ಲಿ ಇಸಿಯು ಇದೆಯೇ. ಮುಂದಿನ ಗಾಜು, ಹೆಡ್‌ಲೈಟ್, ಬಾಗಿಲ ಹಿಡಿ, ಬೀಗ ಪೂರ್ತಿ ಇದ್ದರೆ ಎಂಜಿನ್ ಸ್ವಲ್ಪ ಹೊಗೆಯಾಡಿದರೂ ಚಿಂತೆಯಿಲ್ಲ. ಎಂಜಿನ್ ಸರಿಪಡಿಸಬಹುದು, ಗಾಜು ಕಡೆಯಲು ಯಾವ ಲೇತಿನಲ್ಲೂ ಆಗದು. ಈಗಾಗಲೇ ಕಾರು ಇಟ್ಟುಕೊಂಡವರು ಕಳಚಿದ ಹಳೇ ಭಾಗವನ್ನು ಗ್ಯಾರೇಜಿನಲ್ಲೇ ಬಿಟ್ಟುಬರಬೇಡಿ, ಅದರ ಮೈಮೇಲಿನ ನಂಬರನ್ನು ಆರ್‌ಸಿ ಜೊತೆ ಬರೆದಿಟ್ಟುಕೊಳ್ಳಿ. ಶೆಡ್ಡಿನಲ್ಲಿ ಓಡದೆ ನಿಂತಿರುವ ಕ್ವಾಲಿಸನ್ನೋ ಅಂಬಾಸಿಡರನ್ನೋ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ಸುತ್ತಲಿನ ಗ್ಯಾರೇಜುಗಳಿಗೆ ಒಂದು ಫೋನ್ ಮಾಡಿ. ಅದರ ಎಡಗಡೆಯ ಹಿಂದಿನ ಬಾಗಿಲಿಗೆ ಕಾಯುತ್ತಿರುವವರು ಪಕ್ಕದ ಊರಿನಲ್ಲೇ ಇರಬಹುದು.